ಗುಲ್ಬರ್ಗಾ ತಂಪಾಗಿತ್ತೇ, ಇಲ್ಲ ಮನೆ ತಂಪಾಗಿತ್ತೇ?

ಏಪ್ರಿಲ್ ಬಂತೆಂದರೆ ಕಲಬುರಗಿಯ ಕಟ್ಟೆಗಳ ಮೇಲೆ ಒಂದೇ ಮಾತು: "ಮೊದಲೆಲ್ಲ ಊರು ಛಲೋ ಇತ್ತು ಬಿಡ್ರಿ, ಈ ಪರಿ ಬಿಸಿಲು ಎಲ್ಲಿತ್ತು?" ಬಿಸಿಲು ಇತ್ತು. ನಲವತ್ತು ವರ್ಷದ ಹಿಂದೆಯೂ ಮೇ ತಿಂಗಳಲ್ಲಿ ಈ ಊರು 42 ಡಿಗ್ರಿ ಕಂಡದ್ದೇ. ಊರಿನ ಅಕ್ಷಾಂಶ 17 ಡಿಗ್ರಿ ಚಿಲ್ಲರೆ. ಮೇ ಎರಡನೇ ವಾರದಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಇದು ಬಹಮನಿ ಸುಲ್ತಾನರ ಕಾಲಕ್ಕೂ ಹಾಗೇ ಇತ್ತು, ಇಂದಿಗೂ ಹಾಗೇ ಇದೆ.

ಬದಲಾದದ್ದು ಬಿಸಿಲಿಗೂ ಮೈಗೂ ನಡುವೆ ಏನು ಅಡ್ಡ ಇತ್ತು ಎಂಬುದು. "ಮೊದಲು ಛಲೋ ಇತ್ತು" ಅನ್ನುವವರ ಮಾತಿನಲ್ಲಿ ಮುಕ್ಕಾಲು ಪಾಲು ಹಳೆಯ ಮನೆಯ ಗೋಡೆಯ ದಪ್ಪದ ನೆನಪು ಎಂಬುದು ನನ್ನ ಅಂದಾಜು. ಆ ದಪ್ಪಕ್ಕೆ ಬೆಲೆ ಕಟ್ಟಿದವರು ಯಾರು ಎಂಬುದು ಮಾತ್ರ ನೆನಪಿನಲ್ಲಿ ಉಳಿಯುವುದಿಲ್ಲ.

ಬ್ರಹ್ಮಪುರ, ಶಹಾಬಜಾರ್ ಕಡೆಯ ಹಳೆಯ ಮನೆ ತೆಗೆದುಕೊಳ್ಳಿ. ಗೋಡೆ ಒಂದೂವರೆಯಿಂದ ಎರಡು ಅಡಿ ದಪ್ಪ. ಹೊರಗೂ ಒಳಗೂ ಕಲ್ಲು, ನಡುವೆ ಕಲ್ಲಿನ ಚೂರು ಮತ್ತು ಮಣ್ಣು. ಉಳ್ಳವರದಾದರೆ ಸುಣ್ಣದ ಗಚ್ಚು. ಮೇಲೆ ಮಾಳಿಗೆ, ಅಂದರೆ ಮಣ್ಣಿನ ಚಪ್ಪಟೆ ಚಾವಣಿ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಶಹಾಬಾದ ಫರಸಿ, ಅದರ ಮೇಲೆ ಗೆದ್ದಲು ಬಾರದಿರಲೆಂದು ಬೇವಿನ ತಪ್ಪಲು, ಕೊನೆಗೆ ಒಂಬತ್ತು ಅಂಗುಲದಿಂದ ಒಂದು ಅಡಿ ಮಣ್ಣು. ಇಂಥ ಗೋಡೆಯ ಹೊರಮೈಗೆ ಮಧ್ಯಾಹ್ನ ಬಿದ್ದ ಕಾವು ಒಳಮೈಗೆ ಬರಲು ಹತ್ತು ಗಂಟೆಗೂ ಹೆಚ್ಚು ಬೇಕು. ಎರಡು ಗಂಟೆಗೆ ಬಿದ್ದ ಬಿಸಿಲು ಒಳಗೆ ತಲುಪುವುದು ನಡುರಾತ್ರಿ ದಾಟಿದ ಮೇಲೆ, ಅದೂ ಬಡಕಲಾಗಿ. ಅಷ್ಟರಲ್ಲಿ ಹೊರಗಿನ ಗಾಳಿ ತಣ್ಣಗಾಗಿರುತ್ತದೆ, ಮನೆಯವರು ಮಾಳಿಗೆ ಏರಿ ಮಲಗಿರುತ್ತಾರೆ. ಹಗಲು ಒಳಗೆ, ರಾತ್ರಿ ಮೇಲೆ: ಮನೆ ಮತ್ತು ದಿನಚರಿ ಒಂದಕ್ಕೊಂದು ಹೊಂದಿಕೊಂಡಿದ್ದವು.

ಈಗಿನ ಆರ್‌ಸಿಸಿ ಸ್ಲ್ಯಾಬು ನಾಲ್ಕೂವರೆ, ಐದು ಅಂಗುಲ. ಕಾವು ದಾಟಲು ಮೂರು ಗಂಟೆ ಸಾಕು. ಮಧ್ಯಾಹ್ನ ಎರಡಕ್ಕೆ ಮೇಲ್ಮೈ ಅರವತ್ತು ಡಿಗ್ರಿ ಮುಟ್ಟಿದರೆ, ಸಂಜೆ ಐದು-ಆರಕ್ಕೆ ಸ್ಲ್ಯಾಬಿನ ತಳ ತಲೆಯ ಮೇಲೆ ಹಂಚಿನಂತೆ ಕಾಯತೊಡಗುತ್ತದೆ. ಫ್ಯಾನು ಆ ಬಿಸಿಯನ್ನೇ ಕೆಳಗೆ ತಳ್ಳುತ್ತದೆ. ಆಫೀಸಿನಿಂದ, ಶಾಲೆಯಿಂದ ಎಲ್ಲರೂ ಮನೆಗೆ ಬರುವ ಹೊತ್ತಿಗೇ ಮನೆ ಅತಿ ಬಿಸಿಯಾಗಿರುತ್ತದೆ. ಊರೆಲ್ಲ ಇಂಥದೇ ಸ್ಲ್ಯಾಬು, ಕಾಂಕ್ರೀಟು ರಸ್ತೆ, ಫರಸಿ ಹಾಸಿದ ಅಂಗಳವಾದಾಗ ಅವೆಲ್ಲ ರಾತ್ರಿಯಿಡೀ ಕಾವು ಉಗುಳುತ್ತವೆ. ನಗರದಲ್ಲಿ ಹೆಚ್ಚು ಕೆಟ್ಟದ್ದು ಹಗಲಲ್ಲ, ರಾತ್ರಿ. 1971ರ ಜನಗಣತಿಯಲ್ಲಿ ಸುಮಾರು ಒಂದೂವರೆ ಲಕ್ಷವಿದ್ದ ಊರು 2011ಕ್ಕೆ 5.33 ಲಕ್ಷವಾಯಿತು. ಅಷ್ಟು ಜನರ ಮೇಲಿನ ಸೂರೂ ಅದಕ್ಕೆ ತಕ್ಕಂತೆ ಹರಡಿತು, ರಸ್ತೆ ಅಗಲವಾದಂತೆ ಬೇವು, ಹುಣಸೆ ಉರುಳಿದವು.

ಇಲ್ಲಿಯವರೆಗೆ ಹಳೆಯ ಕಾಲ ಗೆದ್ದಿತು. ಈಗ ಲೆಕ್ಕದ ಇನ್ನೊಂದು ಪುಟ.

ಹತ್ತು ಅಡಿಗೆ ಹತ್ತು ಅಡಿಯ ಒಂದು ಕೋಣೆಯ ಮಾಳಿಗೆಯ ಮೇಲೆ ಒಂದು ಅಡಿ ಮಣ್ಣೆಂದರೆ ನೂರು ಘನ ಅಡಿ. ಒಣಗಿದ್ದಾಗ ಅದರ ತೂಕ ನಾಲ್ಕೂವರೆ ಟನ್. ನೀರು ಕುಡಿದರೆ ಇನ್ನೊಂದು ಟನ್ ಸೇರುತ್ತದೆ. ನಮ್ಮಲ್ಲಿ ಜೋರು ಮಳೆ ಬರುವುದು ಸೆಪ್ಟೆಂಬರಿನಲ್ಲಿ, ಅಷ್ಟು ಹೊತ್ತಿಗೆ ಎರಡು ತಿಂಗಳು ನೆನೆದ ಮಾಳಿಗೆ ಮೊದಲೇ ಭಾರವಾಗಿರುತ್ತದೆ. ಜಂತಿಯ ತುದಿ ಗೋಡೆಯೊಳಗೆ ಹುದುಗಿರುವುದರಿಂದ ಗಾಳಿಯಾಡದೆ ಅಲ್ಲೇ ಮೊದಲು ಕೊಳೆಯುತ್ತದೆ, ಹೊರಗೆ ಕಾಣುವುದಿಲ್ಲ. ಹೀಗಾಗಿ ಹಳೆ ಮನೆ ಬೀಳುವುದು ಸಾಮಾನ್ಯವಾಗಿ ಮಳೆಗಾಲದ ರಾತ್ರಿ, ಒಳಗೆ ಜನ ಮಲಗಿರುವಾಗ. ಇಂದಿಗೂ ಇಂಥ ಮನೆಯಲ್ಲಿರುವವರು ವರ್ಷಕ್ಕೊಮ್ಮೆ, ಮೇ ಕೊನೆಗೆ, ಪ್ರತಿ ಜಂತಿಯ ತುದಿಗೆ ಚೂಪಾದ ಸಳಿ ಚುಚ್ಚಿ ನೋಡಬೇಕು. ಅರ್ಧ ಅಂಗುಲಕ್ಕಿಂತ ಸಲೀಸಾಗಿ ಒಳಗೆ ಹೋದರೆ ಆ ಜಂತಿಯ ಕೆಳಗೆ ಮಲಗಬಾರದು.

ಮಾಳಿಗೆ ಸೋರದಿರಲು ಪ್ರತಿ ವರ್ಷ ರೋಹಿಣಿ ಮಳೆಗೆ ಮೊದಲು ಮಣ್ಣು ಹಾಕಬೇಕಿತ್ತು. ಎಲ್ಲ ಮಣ್ಣೂ ಆಗುವುದಿಲ್ಲ, ಸವಳು ಮಣ್ಣೇ ಬೇಕು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ತಗುಲಿದೊಡನೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚುತ್ತವೆ, ಹುಲ್ಲೂ ಹುಟ್ಟುವುದಿಲ್ಲ. ಎರೆ ಮಣ್ಣು ಹಾಕಿದರೆ ಬೇಸಿಗೆಯಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ, ಮೊದಲ ಮಳೆಯೇ ಒಳಗೆ. ಹುಲ್ಲು ಕಿತ್ತು, ಮಣ್ಣು ಹರವಿ, ನೀರು ಚಿಮುಕಿಸಿ ಬಡಿದು, ಮಳೆನೀರು ಹೊರಬೀಳುವ ದೋಣಿಯ ಕಡೆಗೆ ಇಳಿಜಾರು ಕೊಡಬೇಕು. ದೋಣಿಯ ಬಾಯಿಗೆ ಕಸ ಕಟ್ಟಿತೆಂದರೆ ಮಾಳಿಗೆಯೇ ಕೆರೆ. ಮಣ್ಣು ಬುಟ್ಟಿಯಲ್ಲಿ ತಲೆಯ ಮೇಲೆ ಏರುತ್ತಿತ್ತು. ಈ ಕೆಲಸಕ್ಕೆ ಕಡಿಮೆ ಕೂಲಿಗೆ ಜನ ಸಿಗುತ್ತಿದ್ದರು ಎಂಬುದೇ ಆ ತಂಪಿನ ಗುಟ್ಟು. ಕೂಲಿ ಏರಿತು, ಮಾಳಿಗೆ ಹೋಯಿತು. ಆರ್‌ಸಿಸಿಯನ್ನು ಯಾರೂ ಮೌಢ್ಯದಿಂದ ಆರಿಸಿಕೊಳ್ಳಲಿಲ್ಲ.

ನೀರಿನ ಲೆಕ್ಕ ಇದಕ್ಕಿಂತ ಕಠಿಣ. ಹಿತ್ತಾಳೆ ಕೊಡ ಹಿಡಿಯುವುದು ಹದಿನೈದು ಲೀಟರ್. ಆರು ಜನರ ಮನೆ, ತಲೆಗೆ ನಲವತ್ತು ಲೀಟರ್ ಎಂದು ಬಿಗಿ ಹಿಡಿದರೂ ದಿನಕ್ಕೆ 240 ಲೀಟರ್: ಹದಿನಾರು ಕೊಡ. ಅಷ್ಟೂ ಬಾವಿಯಿಂದ ಸೇದಿ, ಸೊಂಟದ ಮೇಲೆ ಹೊತ್ತು, ಬಚ್ಚಲ ಹಂಡೆಗೂ ಅಡುಗೆಮನೆಯ ಮಣ್ಣಿನ ಹರವಿಗೂ ತುಂಬಬೇಕು. ದಿನಕ್ಕೆ ಕಾಲು ಟನ್ ನೀರು. ಹೊತ್ತವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. "ಆಗ ನೀರಿಗೆ ಬರ ಇರಲಿಲ್ಲ" ಎನ್ನುವವರು ಬಹುತೇಕ ಗಂಡಸರು ಎಂಬುದನ್ನು ಗಮನಿಸಿ. ಇಂದು ಒಳಚರಂಡಿ ಇರುವ ನಗರಕ್ಕೆ ಸರ್ಕಾರ ಇಟ್ಟುಕೊಂಡ ಮಾನದಂಡ ತಲೆಗೆ 135 ಲೀಟರ್, ಅದೇ ಆರು ಜನಕ್ಕೆ 810 ಲೀಟರ್. ನೀರು ಕಡಿಮೆಯಾಯಿತು ಎನ್ನುವುದಕ್ಕಿಂತ ಹೊರುವ ಕಷ್ಟ ತಪ್ಪಿದೊಡನೆ ಬಳಕೆ ಮೂರು ಪಟ್ಟಾಯಿತು ಎನ್ನುವುದು ಸರಿ.

ಶೌಚದ ಮಾತೂ ಬರಲಿ. ಹಳೆಯ ಓಣಿಗಳ ಹಿಂದೆ ಇಕ್ಕಟ್ಟಾದ ಸಂದಿಗಳಿರುತ್ತಿದ್ದವು. ಬುಟ್ಟಿ ಪಾಯಿಖಾನೆಯಿಂದ ಮಲ ಹೊರುವವರು ಮುಂಬಾಗಿಲಿಗೆ ಬಾರದಿರಲೆಂದು ಮಾಡಿದ ದಾರಿ ಅದು. ಆ ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 1993ರಲ್ಲಿ, ಇನ್ನೂ ಬಿಗಿಯಾದ ಕಾನೂನು 2013ರಲ್ಲಿ. ಊರು ಆಗ ಚೆಂದ ಇತ್ತೇ ಎಂದು ಆ ಸಂದಿಯಲ್ಲಿ ನಡೆದವರ ಮನೆಯಲ್ಲಿ ಕೇಳಿದರೆ ಉತ್ತರ ಬೇರೆ ಬರುತ್ತದೆ.

ಉಳಿದವನ್ನು ಬೇಗ ಮುಗಿಸಬಹುದು. ಗ್ಯಾಸ್ ಸಂಪರ್ಕಕ್ಕೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುವುದು, ಅಲ್ಲಿಯವರೆಗೆ ಸೀಮೆಎಣ್ಣೆ ಸಾಲು. ರೊಟ್ಟಿ ಬಡಿಯುವಾಗ ಒಲೆಯ ಹೊಗೆ. ಪರವೂರಿಗೆ ಮಾತಾಡಲು ಟ್ರಂಕ್ ಕಾಲ್. ಹೈಕೋರ್ಟಿನ ಒಂದು ತಾರೀಖಿಗೆ ಆರುನೂರು ಕಿಲೋಮೀಟರು ಹೋಗಿ ಬರಬೇಕಿತ್ತು. ಸಂಚಾರಿ ಪೀಠ ಬಂದದ್ದು 2008ರಲ್ಲಿ, ಕಾಯಂ ಆದದ್ದು 2013ರಲ್ಲಿ. ಬೀದರಿಗೆ ನೇರ ರೈಲುಮಾರ್ಗ 2017ರ ಅಕ್ಟೋಬರಿನಲ್ಲಿ, ವಿಮಾನ 2019ರ ನವೆಂಬರಿನಲ್ಲಿ. ಟಾಂಗಾ ಚೆಂದ ಕಾಣುತ್ತಿತ್ತು ನಿಜ, ಆದರೆ ಹೆರಿಗೆ ನೋವಿನವಳನ್ನು ಅದರಲ್ಲಿ ಕೂರಿಸಿಕೊಂಡು ಹೋಗುವುದು ಚೆಂದವಲ್ಲ.

ಹಾಗಾದರೆ ಹೊಸದೆಲ್ಲ ಮೇಲೆ ಎನ್ನಬೇಕೆ? ಅದೂ ಅಲ್ಲ. ಹೊಸದರಲ್ಲಿ ಕೆಟ್ಟದ್ದು ಬಹಳಷ್ಟು ನಾವೇ ಅರೆಬರೆ ಮಾಡಿದ್ದು, ಆದ್ದರಿಂದ ಸರಿಪಡಿಸಲೂ ಬರುತ್ತದೆ. ಮೊದಲು ನಳದ ನೀರು. ಭೀಮಾ ಮತ್ತು ಬೆಣ್ಣೆತೊರೆಯಿಂದ ಬರುವ ನೀರು ಶುದ್ಧವಾಗಿಯೇ ಪೈಪು ಸೇರುತ್ತದೆ. ಕೆಡುವುದು ನಳ ನಿಲ್ಲುವ ಹೊತ್ತಿನಲ್ಲಿ. ಪೈಪಿನೊಳಗೆ ಒತ್ತಡ ಇಳಿದು ನಿರ್ವಾತ ಉಂಟಾಗುತ್ತದೆ, ಪಕ್ಕದ ಗಟಾರದ ನೀರನ್ನು ಸಡಿಲ ಜೋಡಣೆಗಳ ಮೂಲಕ ಒಳಗೆ ಎಳೆದುಕೊಳ್ಳುತ್ತದೆ. ನಳಕ್ಕೆ ನೇರ ಮೋಟರ್ ಹಚ್ಚುವವರು ಈ ಎಳೆತವನ್ನು ಇನ್ನೂ ಹೆಚ್ಚಿಸುತ್ತಾರೆ. ತಾವು ಕದ್ದದ್ದು ನೆರೆಯವರ ನೀರು ಎಂದುಕೊಂಡಿರುತ್ತಾರೆ, ಜೊತೆಗೆ ಗಟಾರವನ್ನೂ ಎಳೆದಿರುತ್ತಾರೆ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಕೆಲವು ಬಡಾವಣೆಗಳಲ್ಲಿ 24 ಗಂಟೆ ನೀರಿನ ಪ್ರಯೋಗ ನಡೆದಾಗ ಆದ ದೊಡ್ಡ ಲಾಭ ಹೆಚ್ಚು ನೀರಲ್ಲ, ಪೈಪಿನಲ್ಲಿ ಒತ್ತಡ ಬೀಳದೆ ನಿಂತದ್ದು.

ನೀರು ದಿನ ಬಿಟ್ಟು ದಿನ ಬರುವ ಕಡೆ ಸಂಪ್ ಅನಿವಾರ್ಯ. ಅಳತೆ ಹೀಗೆ ಹಿಡಿಯಿರಿ: ಐದು ಜನ, ತಲೆಗೆ ನೂರು ಲೀಟರ್, ನಾಲ್ಕು ದಿನಕ್ಕೊಮ್ಮೆ ನೀರಾದರೆ ಒಂದು ದಿನದ ಹೆಚ್ಚುವರಿ ಸೇರಿಸಿ 2,500 ಲೀಟರ್. ನಾಲ್ಕು ಅಡಿ ಉದ್ದ, ನಾಲ್ಕು ಅಡಿ ಅಗಲ, ಆರು ಅಡಿ ನೀರಿನ ಆಳ ಎಂದರೆ 2,700 ಲೀಟರ್ ಚಿಲ್ಲರೆ, ಸರಿಹೋಗುತ್ತದೆ. ಒಳಬರುವ ಪೈಪಿನ ಬಾಯಿ ನೀರಿನ ಮಟ್ಟಕ್ಕಿಂತ ಅರ್ಧ ಅಡಿಯಾದರೂ ಮೇಲಿರಬೇಕು, ಇಲ್ಲವಾದರೆ ನಳ ನಿಂತಾಗ ಸಂಪಿನ ನೀರು ಹಿಂದಕ್ಕೆ ಹೋಗುತ್ತದೆ. ಮುಚ್ಚಳದ ಕಟ್ಟೆ ಅಂಗಳದಿಂದ ಆರು ಅಂಗುಲ ಎತ್ತರ. ಸೆಪ್ಟಿಕ್ ಟ್ಯಾಂಕು ಮನೆಯ ಒಂದು ಮೂಲೆ, ಸಂಪ್ ಎದುರು ಮೂಲೆ. ವಾಸ್ತು ನೋಡಿ ಎರಡನ್ನೂ ಅಕ್ಕಪಕ್ಕ ತಂದಿಟ್ಟವರಿದ್ದಾರೆ! ನೀರಿನ ಮೇಲೆ ಅನುಮಾನ ಬಂದ ದಿನ ಸಾವಿರ ಲೀಟರಿಗೆ ಎರಡೂವರೆ ಗ್ರಾಂ ತಾಜಾ ಬ್ಲೀಚಿಂಗ್ ಪೌಡರ್. ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಸುರಿದು ಒಂದು ಗಂಟೆ ಬಿಡಬೇಕು. ತೆರೆದಿಟ್ಟ ಹಳೆ ಪ್ಯಾಕೆಟ್ಟಿನಲ್ಲಿ ಕ್ಲೋರಿನ್ ಹಾರಿಹೋಗಿರುತ್ತದೆ, ಅದನ್ನು ಎಷ್ಟು ಹಾಕಿದರೂ ಬರೀ ಸುಣ್ಣ.

ಗೋಡೆ ಬಿರುಕಿನ ದೂರೂ "ಮೊದಲಿನ ಕೆಲಸ ಗಟ್ಟಿ" ಎಂಬ ಮಾತಿಗೇ ಬಂದು ನಿಲ್ಲುತ್ತದೆ. ಕಾರಣ ಕೆಲಸಗಾರನಲ್ಲ, ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗುವ ಈ ಮಣ್ಣಿನಲ್ಲಿ ಹಿಂದಿನವರು ಗರಸು, ಅಂದರೆ ಗಟ್ಟಿ ಜಲ್ಲಿ ಮಣ್ಣು, ಸಿಗುವವರೆಗೆ ಪಾಯ ತೋಡುತ್ತಿದ್ದರು, ಐದಾದರೆ ಐದು ಅಡಿ, ಎಂಟಾದರೆ ಎಂಟು. ಈಗ ಪಕ್ಕದ ಮನೆಗೆ ನಾಲ್ಕು ಅಡಿ ಸಾಕಾಯಿತೆಂದು ಇಲ್ಲೂ ನಾಲ್ಕಕ್ಕೆ ನಿಲ್ಲಿಸುತ್ತಾರೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕು ಮೇ ತಿಂಗಳಲ್ಲಿ ಅಗಲವಾಗಿ ಆಗಸ್ಟಿನಲ್ಲಿ ಕೂಡಿಕೊಂಡರೆ ಅದು ಪಾಯದ್ದು, ಪುಟ್ಟಿ ತುಂಬಿ ಫಲವಿಲ್ಲ. ಮನೆ ಸುತ್ತ ಮೂರು ಅಡಿ ಅಗಲಕ್ಕೆ ಎರೆ ತೆಗೆದು ಗರಸು ತುಂಬಿ, ಮೇಲೆ ಹೊರಕ್ಕೆ ಇಳಿಜಾರಾಗಿ ಫರಸಿ ಹಾಸಿದರೆ ಪಾಯದ ಬಳಿ ತೇವ ಒಂದೇ ಹದದಲ್ಲಿ ಉಳಿಯುತ್ತದೆ, ಬಿರುಕು ಬೆಳೆಯುವುದು ಬಹುಮಟ್ಟಿಗೆ ನಿಲ್ಲುತ್ತದೆ.

ಇನ್ನು ಸ್ಲ್ಯಾಬಿನ ಕಾವು. ಮೇ ತಿಂಗಳಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಇರುವುದರಿಂದ ದಕ್ಷಿಣದ ಗೋಡೆಗೆ ಬಿಸಿಲು ತಾಗುವುದೇ ಕಡಿಮೆ, ಹೆಚ್ಚಿನ ಹೊಡೆತ ಚಾವಣಿಗೆ. ಹಾಗಾಗಿ ಗೋಡೆಗೆ ದುಬಾರಿ ಪೇಂಟ್ ಹಚ್ಚುವ ಮೊದಲು ಮೇಲಿನದನ್ನು ನೋಡಬೇಕು. ಸಂಜೆ ಐದಕ್ಕೆ ಪೈಪು ಹಿಡಿದು ಸ್ಲ್ಯಾಬಿಗೆ ನೀರು ಹೊಡೆಯುವ ರೂಢಿ ಊರಲ್ಲೆಲ್ಲ ಇದೆ. ಅದರಿಂದ ಗಂಟೆ, ಒಂದೂವರೆ ಗಂಟೆ ಹಿತ. ಒಳಗೆ ಆಗಲೇ ಸೇರಿದ ಕಾವು ಮತ್ತೆ ಮೇಲೇಳುತ್ತದೆ, ಇನ್ನೂರು ಲೀಟರ್ ನೀರು ಹೋಗಿರುತ್ತದೆ. ಕಾವು ಒಳಗೆ ಬಾರದಂತೆ ತಡೆಯುವುದು ಸುಣ್ಣ. ಬರಿಯ ಕಾಂಕ್ರೀಟು ಬಿಸಿಲಿನ ಮೂರನೆಯ ಒಂದು ಪಾಲನ್ನಷ್ಟೇ ಹಿಂದಕ್ಕೆ ಕಳಿಸುತ್ತದೆ, ಹೊಸದಾಗಿ ಬಳಿದ ಬಿಳಿ ಸುಣ್ಣ ಮುಕ್ಕಾಲು ಪಾಲನ್ನು.

ಸಾವಿರ ಚದರ ಅಡಿ ಚಾವಣಿಗೆ ಇಪ್ಪತ್ತು ಕಿಲೋ ಕಲ್ಲುಸುಣ್ಣ, ನೂರು ಲೀಟರ್ ನೀರು. ಕಬ್ಬಿಣದ ಡ್ರಮ್ಮಿನಲ್ಲೇ ಅರಳಿಸಬೇಕು, ಪ್ಲಾಸ್ಟಿಕ್ ಬಕೆಟ್ ಆ ಕುದಿತಕ್ಕೆ ಸೊಟ್ಟಗಾಗುತ್ತದೆ. ಮೊದಲು ನೀರು, ಆಮೇಲೆ ಸ್ವಲ್ಪ ಸ್ವಲ್ಪವೇ ಸುಣ್ಣ. ಹಿಂದುಮುಂದಾದರೆ ಕುದಿವ ಸುಣ್ಣ ಮುಖಕ್ಕೆ ಹಾರುತ್ತದೆ, ಕಣ್ಣು ಹೋದರೆ ಹೋಯಿತು. ಕನ್ನಡಕ ಹಾಕಿ, ಮಕ್ಕಳನ್ನು ದೂರ ಇಡಿ. ಒಂದು ದಿನ ಇಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಬಡಗಿಗಳು ಬಳಸುವ ಬಿಳಿ ಅಂಟು ಒಂದು ಕಿಲೋ ಬೆರೆಸಿ. ಚಾವಣಿ ಗುಡಿಸಿ, ಪಾಚಿ ಉಜ್ಜಿ, ಬಿರುಕುಗಳನ್ನು ತುಂಬಿ, ತೇವ ಮಾಡಿ ಬಳಿಯಬೇಕು. ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ಐದರ ಮೇಲೆ. ಕಾದ ಒಣ ಸ್ಲ್ಯಾಬಿನ ಮೇಲೆ ಬಳಿದರೆ ಸುಣ್ಣ ಗಟ್ಟಿಯಾಗುವ ಮೊದಲೇ ನೀರು ಆರಿ, ಮರುದಿನ ಕಾಲಿಗೆ ಹಿಟ್ಟಿನಂತೆ ಮೆತ್ತಿಕೊಳ್ಳುತ್ತದೆ. "ಸುಣ್ಣ ನಿಲ್ಲಲ್ರೀ" ಎನ್ನುವವರಲ್ಲಿ ಹೆಚ್ಚಿನವರು ಮಾಡಿದ ತಪ್ಪು ಇದೇ. ತೆಳ್ಳಗೆ ಎರಡು ಸಲ, ನಡುವೆ ಒಂದು ದಿನ. ಫೆಬ್ರವರಿ ಕೊನೆಗೆ ಬಳಿದರೆ ಜೂನ್ ಮಳೆಯವರೆಗೆ ಕೆಲಸ ಕೊಡುತ್ತದೆ, ವರ್ಷವರ್ಷ ಮಾಡಬೇಕು. ಮಳೆನೀರು ಸಂಪಿಗೆ ಬಿಡುವವರು ಮೊದಲ ಎರಡು ಮಳೆಯನ್ನು ಹೊರಗೆ ಹರಿಸಲಿ. ಒಮ್ಮೆ ಖರ್ಚು ಮಾಡಿ ಮುಗಿಸಬೇಕೆಂದರೆ ಬಿಳಿ ಟೈಲ್ಸಿನ ಚೂರುಗಳನ್ನು ಗಾರೆಯಲ್ಲಿ ಕೂರಿಸುವುದಿದೆ, ತಿಂಗಳಿಗೊಮ್ಮೆ ಗುಡಿಸಿ ತೊಳೆದರೆ ಬಹುಕಾಲ ಬಾಳುತ್ತದೆ. ತೊಳೆಯದೆ ಬಿಟ್ಟರೆ ಧೂಳು ಕೂತು ಬಿಳಿ ಕಂದಾಗಿ, ಅರ್ಧ ಲಾಭ ಹೋಗುತ್ತದೆ.

ಪಡುವಣ ಗೋಡೆಗೆ ಬೇರೆ ಉಪಾಯ. ಸಂಜೆಯ ಸೂರ್ಯ ತಗ್ಗಿನಲ್ಲಿರುತ್ತಾನೆ, ಕಿಟಕಿಯ ಮೇಲಿನ ಎರಡು ಅಡಿಯ ಛಜ್ಜೆ ಅವನನ್ನು ತಡೆಯಲಾರದು. ಕಿಟಕಿಯ ಹೊರಗೆ ಬಿದಿರಿನ ತಟ್ಟಿ ಬಿಡಬೇಕು, ಒಳಗಿನ ಪರದೆಯಿಂದ ಹೆಚ್ಚು ಉಪಯೋಗವಿಲ್ಲ. ಗಾಜು ದಾಟಿ ಬಂದ ಕಾವು ಬಹುಪಾಲು ಒಳಗೇ ಉಳಿಯುತ್ತದೆ.

ಕೂಲರ್ ನಮ್ಮ ಊರಿಗೆಂದೇ ಹುಟ್ಟಿದ ಯಂತ್ರ. 41 ಡಿಗ್ರಿ ಬಿಸಿಲು, 20 ಶೇಕಡಾ ತೇವಾಂಶ ಇದ್ದಾಗ ಒದ್ದೆ ಪ್ಯಾಡ್ ದಾಟಿದ ಗಾಳಿ 27-28ಕ್ಕೆ ಇಳಿಯುತ್ತದೆ. ಆದರೆ ಎದುರಿನ ಕಿಟಕಿ ತೆರೆದಿರಬೇಕು. ಎಸಿಯಂತೆ ಬಾಗಿಲು ಜಡಿದು ಕೂತರೆ ಅರ್ಧ ಗಂಟೆಯಲ್ಲಿ ಕೋಣೆ ಬಚ್ಚಲಾಗುತ್ತದೆ, ಮೈ ಅಂಟುತ್ತದೆ, ಕೂಲರ್ ಕೆಟ್ಟಿದೆ ಎಂದು ಮಿಸ್ತ್ರಿಯನ್ನು ಕರೆಸುತ್ತಾರೆ. ಜುಲೈನಲ್ಲಿ ಗಾಳಿಯೇ ತೇವವಾಗಿರುವುದರಿಂದ ಅದಕ್ಕೆ ಕೆಲಸವಿಲ್ಲ, ಎತ್ತಿಡಿ. ನಮ್ಮ ಕಡೆ ಬೋರಿನ ನೀರು ಗಡಸು. ತಿಂಗಳೊಳಗೆ ಪ್ಯಾಡಿನ ಮೇಲೆ ಬಿಳಿ ಹಕ್ಕಳೆ ಕಟ್ಟಿ ಗಾಳಿ ಒಳಬರದಂತಾಗುತ್ತದೆ. ವಾರಕ್ಕೊಮ್ಮೆ ತೊಟ್ಟಿ ಪೂರ್ತಿ ಖಾಲಿ ಮಾಡಬೇಕು, ಮೇಲಿಂದ ಮೇಲೆ ತುಂಬುತ್ತ ಹೋದರೆ ಉಪ್ಪು ಸೇರುತ್ತಲೇ ಹೋಗುತ್ತದೆ. ಡೆಂಗಿ ಸೊಳ್ಳೆಯ ಮೊಟ್ಟೆ ಒಡೆದು ಹಾರುವ ಹಂತಕ್ಕೆ ಬರಲು ಬೇಕಾದದ್ದೂ ಹೆಚ್ಚುಕಡಿಮೆ ಒಂದು ವಾರ, ಹಾಗಾಗಿ ಖಾಲಿ ಮಾಡುವಾಗ ತೊಟ್ಟಿಯ ಒಳಬದಿಯನ್ನೂ ಉಜ್ಜಿ. ದೊಡ್ಡ ಕೂಲರ್ ಗಂಟೆಗೆ ಎಂಟರಿಂದ ಹತ್ತು ಲೀಟರ್ ನೀರು ಕುಡಿಯುತ್ತದೆ. ಒಂದು ರಾತ್ರಿಗೆ ಐದಾರು ಕೊಡ.

ಸುಣ್ಣ ಬಳಿದ ಚಾವಣಿ ರಾತ್ರಿ ಒಂಬತ್ತರ ಹೊತ್ತಿಗೆ ಮಲಗುವಷ್ಟು ತಣ್ಣಗಾಗುತ್ತದೆ. ಈಗ ಅಲ್ಲಿ ಸಿಂಟೆಕ್ಸು, ಸೋಲಾರು, ಡಿಶ್ಶು, ಮುರಿದ ಕುರ್ಚಿ. ಮೂಲೆಯೊಂದನ್ನು ಖಾಲಿ ಮಾಡಿ ಹೊರಸಿನ ನಾಲ್ಕು ಕಾಲಿಗೆ ನಾಲ್ಕು ಬಿದಿರು ಕಟ್ಟಿ, ಸೊಳ್ಳೆಪರದೆ ಬಿಟ್ಟರೆ ಮೇ ತಿಂಗಳ ರಾತ್ರಿ ಕೂಲರನ್ನೂ ಆರಿಸಬಹುದು. ಪ್ಯಾರಾಪೆಟ್ ಮೂರೂವರೆ ಅಡಿಗಿಂತ ಗಿಡ್ಡವಿದ್ದರೆ ಮಾತ್ರ ಹೊರಸನ್ನು ನಡುವೆಯೇ ಹಾಕಿ.